ಇಪ್ಪತ್ತರ ನೋಟಿನ ತೆಂಗಿನಮರ ಮಲ್ಪೆಯದ್ದಾ? ಅಜ್ಜನ ಟ್ರಂಕಿನ ನೋಟುಗಳ ಬಗ್ಗೆ

ಪ್ರಶ್ನೆ: ನಮ್ಮದು ಬ್ರಹ್ಮಾವರದ ಹತ್ತಿರ. ಹಳೇ ಮನೆ ಖಾಲಿ ಮಾಡುವಾಗ ಅಜ್ಜನ ಟ್ರಂಕಿನಲ್ಲಿ ಒಂದು ಕಟ್ಟು ನೋಟು ಸಿಕ್ಕಿತು. ಅಜ್ಜ ಮಂಗಳೂರಿನ ಹಳೇ ಬಂದರಿನಲ್ಲಿ ಲೆಕ್ಕ ಬರೆಯುತ್ತಿದ್ದವರು. ಅವರು ಹೋದ ಮೇಲೆ ಅಜ್ಜಿಯೂ ಅದರಲ್ಲೇ ಹಣ ಇಡುತ್ತಿದ್ದರು. ಹಾಯಿ ಹಡಗಿನ ಚಿತ್ರದ ಹತ್ತರ ನೋಟು ಕೆಲವು, ತೆಂಗಿನಮರದ ಇಪ್ಪತ್ತರದ್ದು ಒಂದಷ್ಟು, ಟ್ರ್ಯಾಕ್ಟರ್ ಇರುವ ಐದರ ನೋಟು, ಹಳೇ ಐನೂರರದ್ದು ಏಳು, ಎರಡು ಸಾವಿರದ್ದು ಒಂದು. ದೊಡ್ಡಪ್ಪ ಹೇಳುವುದು, ಆ ಹಡಗು ನಮ್ಮ ಬಂದರಿನ ಮಂಜಿ (ಸರಕಿನ ಹಾಯಿ ಹಡಗು), ತೆಂಗಿನಮರ ಮಲ್ಪೆ ಎದುರಿನ ಸೈಂಟ್ ಮೇರೀಸ್ ದ್ವೀಪದ್ದು, ಅದಕ್ಕೇ ಅಜ್ಜ ಎತ್ತಿಟ್ಟಿದ್ದು ಅಂತ. ಈ ನಡುವೆ ವಾಟ್ಸಾಪಿನಲ್ಲಿ ಒಬ್ಬರು ಟ್ರ್ಯಾಕ್ಟರ್ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಅನ್ನುತ್ತಿದ್ದಾರೆ. ರಿಸರ್ವ್ ಬ್ಯಾಂಕಿನ ಪತ್ರವನ್ನೂ ಕಳಿಸಿದ್ದಾರೆ. ತಮ್ಮನಿಗೆ ಹಳೇ ಐನೂರು ಇಟ್ಟುಕೊಂಡರೆ ಕೇಸ್ ಆಗುತ್ತದೆ ಎಂಬ ಹೆದರಿಕೆ. ಮಗಳದ್ದು ಬೇರೆಯೇ ಪ್ರಶ್ನೆ: ನೋಟಿನಲ್ಲಿ ನಮ್ಮ ಕರಾವಳಿಯ ಚಿತ್ರ ಯಾಕಿಲ್ಲ, ತುಳು ಯಾಕಿಲ್ಲ? ದಯವಿಟ್ಟು ತಿಳಿಸಿ.

ಉತ್ತರ: ಮೊದಲು ದುಡ್ಡಿನ ವಿಷಯ ಮುಗಿಸೋಣ, ಅದಕ್ಕೆ ಅವಸರವಿದೆ. ಆ ವಾಟ್ಸಾಪಿನವರಿಗೆ ಒಂದು ಪೈಸೆಯನ್ನೂ ಕಳಿಸಬೇಡಿ. ರಿಸರ್ವ್ ಬ್ಯಾಂಕ್ ಹಳೇ ನೋಟು ಕೊಳ್ಳುವ ವ್ಯಾಪಾರ ಮಾಡುವುದಿಲ್ಲ, ಯಾರಿಗೂ ತನ್ನ ಹೆಸರಿನಲ್ಲಿ ಶುಲ್ಕ ವಸೂಲಿ ಮಾಡುವ ಅಧಿಕಾರ ಕೊಟ್ಟಿಲ್ಲ. ಈ ಮೋಸ ಎಷ್ಟು ಹಬ್ಬಿದೆ ಅಂದರೆ 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಿ ಜನರನ್ನು ಎಚ್ಚರಿಸಬೇಕಾಯಿತು. ಇದು ನಡೆಯುವ ಕ್ರಮ ಯಾವಾಗಲೂ ಒಂದೇ. ಮೊದಲು ಸಣ್ಣ ನೋಂದಣಿ ಶುಲ್ಕ, ಆಮೇಲೆ ಜಿಎಸ್‌ಟಿ, ಆಮೇಲೆ ಕೊರಿಯರ್ ವಿಮೆ, ಆಮೇಲೆ ಆದಾಯ ತೆರಿಗೆ. ಕಟ್ಟಿದಷ್ಟೂ ಇನ್ನೊಂದು ಬಾಕಿ ಇರುತ್ತದೆ. ಒಂದು ಸಲ ಕಟ್ಟಿದವರಿಗೆ ನಿಲ್ಲಿಸುವುದು ಕಷ್ಟ, ಯಾಕೆಂದರೆ ನಿಲ್ಲಿಸಿದರೆ ಹಿಂದೆ ಕಟ್ಟಿದ್ದೂ ಹೋಯಿತಲ್ಲ ಅನ್ನುವ ಸಂಕಟ. ಹೀಗೆ ಕಳಕೊಂಡವರು ನನ್ನ ಹತ್ತಿರ ಬಂದು ಅತ್ತದ್ದನ್ನು ನೋಡಿದ್ದೇನೆ, ಅವರಲ್ಲಿ ಓದಿದವರೇ ಜಾಸ್ತಿ. ನಿಮ್ಮ ಮನೆಯಲ್ಲಿ ಯಾರಾದರೂ ಈಗಾಗಲೇ ಕಟ್ಟಿದ್ದರೆ ನಾಚಿಕೆ ಪಡದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಮಾಡಿದಷ್ಟೂ ಆ ಹಣವನ್ನು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಹಾಗಾದರೆ ಟ್ರ್ಯಾಕ್ಟರ್ ನೋಟಿಗೆ ಬೆಲೆಯೇ ಇಲ್ಲವಾ? ಇದೆ, ಐದು ರೂಪಾಯಿ. ಅದು ಈಗಲೂ ಚಲಾವಣೆಗೆ ಅರ್ಹವಾದ ನೋಟೇ. ಐದರ ನೋಟು ಅಚ್ಚು ಹಾಕುವುದನ್ನು ನಿಲ್ಲಿಸಿ ನಾಣ್ಯಕ್ಕೆ ಹೋದರು ಅಷ್ಟೇ, ರದ್ದು ಮಾಡಿಲ್ಲ. ಮಡಿಕೆ ಬೀಳದ ಹೊಚ್ಚ ಹೊಸ ನೋಟಾದರೆ, ಇಲ್ಲವೇ ನಂಬರಿನಲ್ಲಿ 786 ಇದ್ದರೆ, ಇಷ್ಟಪಟ್ಟು ಒಂದಿಷ್ಟು ಜಾಸ್ತಿ ಕೊಟ್ಟು ಕೊಳ್ಳುವವರು ಸಿಗಬಹುದು. ಅದು ಅವರ ಇಷ್ಟಕ್ಕೆ ಕೊಡುವ ಬೆಲೆ, ಲಕ್ಷದ ಮಾತು ಸುಳ್ಳು.

ಈ ಸುಳ್ಳು ನಿಲ್ಲುವುದು ಒಂದು ತಪ್ಪು ತಿಳಿವಳಿಕೆಯ ಮೇಲೆ. ಚಿತ್ರ ಅಪರೂಪದ್ದಾದರೆ ನೋಟೂ ಅಪರೂಪದ್ದು ಅಂತ ಜನ ತಿಳಿದಿದ್ದಾರೆ. ನೋಟಿನ ಚಿತ್ರ ಅಪರೂಪ ಆಗುವುದಕ್ಕೆ ಸಾಧ್ಯವೇ ಇಲ್ಲ ಮಾರಾಯ್ರೆ. ಒಂದು ವಿನ್ಯಾಸ ಬಂತು ಅಂದರೆ ಅದು ವರ್ಷಗಟ್ಟಲೆ, ಕೋಟಿಗಟ್ಟಲೆ ಅಚ್ಚಾಗುತ್ತದೆ. ಅದೇ ಚಿತ್ರದ ನೋಟುಗಳ ನಡುವೆ ವ್ಯತ್ಯಾಸ ಮಾಡುವುದು ಯಾವ ಗವರ್ನರ್ ಸಹಿ ಇದೆ, ನಂಬರಿನ ಮುಂದೆ ಯಾವ ಅಕ್ಷರ ಇದೆ, ಕಾಗದ ಎಂಥ ಸ್ಥಿತಿಯಲ್ಲಿದೆ ಅನ್ನುವುದು. ನಮ್ಮಂಥ ನೋಟು ಸಂಗ್ರಹಿಸುವವರು ನೋಟು ಕೈಗೆ ಬಂದರೆ ಮೊದಲು ನೋಡುವುದೂ ಅದನ್ನೇ. ಚಿತ್ರ ನೋಡುವುದು ಖುಷಿಗೆ. ಆ ಖುಷಿ ಸಣ್ಣದಲ್ಲ, ಈಗ ಅಲ್ಲಿಗೇ ಬರುತ್ತೇನೆ.

ತೆಂಗಿನಮರದ ಇಪ್ಪತ್ತರ ನೋಟು ಮಲ್ಪೆಯದ್ದು ಅನ್ನುವ ಮಾತನ್ನು ನಾನೂ ಉಡುಪಿಯಲ್ಲಿ ಬೇಕಾದಷ್ಟು ಸಲ ಕೇಳಿದ್ದೇನೆ. ಅಲ್ಲ, ಅದು ಅಂಡಮಾನಿನದ್ದು. ಆಗ ಪೋರ್ಟ್ ಬ್ಲೇರ್ ಅನ್ನುತ್ತಿದ್ದ, 2024ರಿಂದ ಶ್ರೀ ವಿಜಯಪುರಂ ಆಗಿರುವ ಊರಿನ ಕಡೆಯಿಂದ ಕಡಲಾಚೆಗೆ ಕಾಣುವ ನೋಟ. ಹಿಂದೆ ಕಾಣುವ ಗುಡ್ಡ ಮೌಂಟ್ ಹ್ಯಾರಿಯೆಟ್, ಅದರ ಹೆಸರನ್ನೂ 2021ರಲ್ಲಿ ಮೌಂಟ್ ಮಣಿಪುರ ಅಂತ ಬದಲಾಯಿಸಿದರು. ನಿಮ್ಮ ನೋಟನ್ನೇ ಬೆಳಕಿಗೆ ಹಿಡಿದು ಒಂದು ಭೂತಗನ್ನಡಿಯಲ್ಲಿ ನೋಡಿ. ಮುಂದೆ ತೆಂಗಿನಮರಗಳು, ನಡುವೆ ನೀರು, ನೀರಿನಾಚೆ ದಟ್ಟ ಕಾಡಿನ ಗುಡ್ಡ, ದಡದಲ್ಲಿ ಒಂದು ದೀಪಸ್ತಂಭ. ಇನ್ನು ಸೈಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಗೊತ್ತಿರುತ್ತದೆ, ಅಲ್ಲಿ ಕಣ್ಣಿಗೆ ಮೊದಲು ಬೀಳುವುದು ಮರ ಅಲ್ಲ, ಕಂಬ ಕಂಬವಾಗಿ ಎದ್ದು ನಿಂತ ಆ ಕಪ್ಪು ಬಂಡೆಗಳು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಆಗಿರುವುದೇ ಆ ಕಂಬಗಳಿಗಾಗಿ. ಆ ದ್ವೀಪವನ್ನು ನೋಟಿನಲ್ಲಿ ಕೆತ್ತಲು ಕೂತವರು ಕಂಬಗಳನ್ನು ಬಿಟ್ಟು ತೆಂಗಿನಮರ ಮಾತ್ರ ಕೆತ್ತುತ್ತಾರಾ? ದೊಡ್ಡಪ್ಪನಿಗೆ ಈ ಮಾತು ಸಮಾಧಾನ ಆಗದಿದ್ದರೆ ಅವರಿಗೆ ದೀಪಸ್ತಂಭ ತೋರಿಸಿ, ಸಾಕು. ತೆಂಗು, ಕಡಲು ಕಂಡ ಕೂಡಲೇ ನಮ್ಮೂರು ಅನ್ನಿಸುವುದು ನಮ್ಮ ಕಡೆಯವರಿಗೆ ಸಹಜ, ಅದರಲ್ಲಿ ತಪ್ಪೇನಿಲ್ಲ.

ಹಾಯಿ ಹಡಗಿನ ಹತ್ತರ ನೋಟು ನೀವು ಕಳಿಸಿದ ಪಟ್ಟಿಯಲ್ಲಿ ನನಗೆ ಬಹಳ ಇಷ್ಟವಾದದ್ದು. ಈಗಿನ ಹತ್ತರ ನೋಟಿಗಿಂತ ದೊಡ್ಡದು, ನೇರಳೆ ಬಣ್ಣದ್ದು, ಮುಂದೆ ಅಶೋಕ ಸ್ತಂಭದ ಸಿಂಹ, ಹಿಂದೆ ಅಲೆಗಳ ಮೇಲೆ ಹಾಯಿ ಬಿಚ್ಚಿದ ಹಡಗು. 1950ರ ಹೊತ್ತಿಗೆ ಬಂದ ವಿನ್ಯಾಸ ಇದು. ಬ್ರಿಟಿಷ್ ರಾಜನ ಮುಖ ಹೋಗಿ ದೇಶ ತನ್ನದೇ ಚಿತ್ರಗಳನ್ನು ಹುಡುಕಿಕೊಳ್ಳುತ್ತಿದ್ದ ಕಾಲ. ಹತ್ತಕ್ಕೆ ಹಡಗು, ನೂರಕ್ಕೆ ಆನೆಗಳು, 1954ರಲ್ಲಿ ಬಂದ ಸಾವಿರಕ್ಕೆ ತಂಜಾವೂರಿನ ಬೃಹದೀಶ್ವರ ದೇವಸ್ಥಾನ. ಆಮೇಲಾಮೇಲೆ ಜಿಂಕೆ, ನವಿಲು, ಹುಲಿ ಬಂದವು. ಹಿರಾಕುಡ್ ಅಣೆಕಟ್ಟು, ಆರ್ಯಭಟ ಉಪಗ್ರಹ ಬಂದವು. ಕೊನಾರ್ಕಿನ ಚಕ್ರ ಹಳೇ ಇಪ್ಪತ್ತರ ನೋಟಿನಲ್ಲಿ ಬಂದು ಹೋಗಿ, 2018ರಲ್ಲಿ ಹತ್ತರ ನೋಟಿಗೆ ತಿರುಗಿ ಬಂತು. ದೇಶ ಯಾವಾಗ ಯಾವುದನ್ನು ತನ್ನ ಹೆಮ್ಮೆ ಅಂದುಕೊಂಡಿತ್ತು ಅನ್ನುವುದನ್ನು ನೋಟಿನ ಹಿಂಬದಿಯಲ್ಲಿ ನೋಡಬಹುದು.

ಈಗ ದೊಡ್ಡಪ್ಪನ ಮಂಜಿ. ಆ ಚಿತ್ರ ಅರಬ್ಬಿ ಕಡಲಿನಲ್ಲಿ ಓಡಾಡುತ್ತಿದ್ದ ಸರಕಿನ ಹಾಯಿ ಹಡಗಿನದ್ದು. ಕಚ್ಛಿನಿಂದ ಕೇರಳದವರೆಗೆ ಇಂಥ ಹಡಗುಗಳು ಇದ್ದವು. ಮಂಗಳೂರಿನ ದಕ್ಕೆಯಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಕಟ್ಟಡದ ಸಾಮಾನು ಹೊತ್ತು ಹೋಗುತ್ತಿದ್ದ ಮಂಜಿಗಳೂ ಅದೇ ಜಾತಿಯವು. ಹಾಗಾಗಿ ಅಜ್ಜನಿಗೆ ಅದನ್ನು ನೋಡಿದಾಗ ದಿನಾ ತಾವು ಲೆಕ್ಕ ಬರೆಯುತ್ತಿದ್ದ ಹಡಗು ನೆನಪಾಗಿರಬಹುದು. ಆದರೆ ಇದು ಮಂಗಳೂರಿನದ್ದೇ ಹಡಗು ಅಂತ ಹೇಳಲು ನೋಟಿನಲ್ಲಿ ಯಾವ ಗುರುತೂ ಇಲ್ಲ. ಯಾರಾದರೂ ಹಾಗೆ ಹೇಳಿ ಜಾಸ್ತಿ ಬೆಲೆ ಕೇಳಿದರೆ ನಂಬಬೇಡಿ.

ಆದರೆ ದೊಡ್ಡಪ್ಪ ನೋಡದೇ ಬಿಟ್ಟ ಒಂದು ವಿಷಯ ಆ ನೋಟಿನಲ್ಲೇ ಇರಬಹುದು. ಹಡಗು ಬಿಟ್ಟು ಮುಂಭಾಗ ತಿರುಗಿಸಿ, ಸಹಿ ಓದಿ. ಈ ಹಡಗಿನ ಹತ್ತರ ನೋಟು ಬಹಳ ವರ್ಷ ಬಂತು, ಒಬ್ಬರ ನಂತರ ಒಬ್ಬರು ಗವರ್ನರ್ ಸಹಿ ಹಾಕಿದರು. ಮೊದಲು ಹಾಕಿದವರು ಬಿ. ರಾಮರಾವ್, ಅಂದರೆ ಬೆನಗಲ್ ರಾಮರಾವ್, 1949ರಿಂದ 1957ರವರೆಗೆ ಗವರ್ನರ್ ಆಗಿದ್ದವರು. ಮಂಗಳೂರಿನ ಕೊಂಕಣಿ ಮಾತಾಡುವ ಸಾರಸ್ವತ ಕುಟುಂಬದವರು. ಸಂವಿಧಾನ ಬರೆಯುವಾಗ ಸಲಹೆಗಾರರಾಗಿದ್ದ ಬಿ. ಎನ್. ರಾವ್ ಇವರ ಅಣ್ಣ. ಹಡಗು ನಮ್ಮೂರಿನದ್ದು ಅಂತ ಹೇಳಲಾಗದಿದ್ದರೂ ಸಹಿ ನಮ್ಮೂರಿನವರದ್ದು ಅಂತ ಧೈರ್ಯವಾಗಿ ಹೇಳಬಹುದು. ಮಂಗಳೂರಿನಲ್ಲಿ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ, ನನಗೆ ಅದು ಬೇಸರ. ಸಂಗ್ರಹಕಾರರು ಈ ಸಹಿಯ ನೋಟುಗಳಲ್ಲೂ ಎರಡು ಬಗೆ ಮಾಡುತ್ತಾರೆ. ಮೊದಮೊದಲು ಹಿಂದಿಯಲ್ಲಿ ‘ರುಪಯಾ’ ಅಂತ ಅಚ್ಚಾಗಿತ್ತು, ಆಮೇಲೆ ಚರ್ಚೆಯಾಗಿ ಬಹುವಚನದಲ್ಲಿ ‘ರುಪಯೇ’ ಅಂತ ತಿದ್ದಿದರು. ಮೊದಲಿನ ಬಗೆಯದ್ದು ಕೈಗೆ ಸಿಕ್ಕಿದ್ದರೆ, ಅದೂ ಗಟ್ಟಿ ಕಾಗದದಲ್ಲಿ ಉಳಿದಿದ್ದರೆ, ನಿಮ್ಮ ಇಡೀ ಕಟ್ಟಿನಲ್ಲಿ ಒಳ್ಳೇ ಬೆಲೆಯ ನೋಟು ಅದೇ. ಲಕ್ಷ ಅಲ್ಲ, ಆದರೆ ಹತ್ತು ರೂಪಾಯಿಗೆ ಬಿಟ್ಟುಕೊಡುವಂಥದ್ದೂ ಅಲ್ಲ.

ತಮ್ಮನ ಹೆದರಿಕೆಗೆ ಬರೋಣ. ಅದು ಪೂರ್ತಿ ಸುಳ್ಳಲ್ಲ. ದಂಡಿ ಯಾತ್ರೆಯ ಚಿತ್ರದ ಹಳೇ ಐನೂರು 2016ರ ನವೆಂಬರಿನಲ್ಲಿ ರದ್ದಾದ ನೋಟು. 2017ರಲ್ಲಿ ಬಂದ ಕಾನೂನಿನ ಪ್ರಕಾರ ರದ್ದಾದ ಐನೂರು ಮತ್ತು ಸಾವಿರ ಎರಡೂ ಸೇರಿ ಹತ್ತು ನೋಟಿನ ತನಕ ಒಬ್ಬರು ಇಟ್ಟುಕೊಳ್ಳಬಹುದು. ಅಧ್ಯಯನಕ್ಕೋ ಸಂಗ್ರಹಕ್ಕೋ ಆದರೆ 25ರ ತನಕ. ಅದಕ್ಕಿಂತ ಜಾಸ್ತಿ ಇದ್ದರೆ ದಂಡ, ಹತ್ತು ಸಾವಿರ ರೂಪಾಯಿ ಇಲ್ಲವೇ ನೋಟುಗಳ ಮುಖಬೆಲೆಯ ಐದು ಪಟ್ಟು, ಯಾವುದು ಜಾಸ್ತಿಯೋ ಅದು. ನಿಮ್ಮಲ್ಲಿರುವುದು ಏಳು, ಹಾಗಾಗಿ ನಿಶ್ಚಿಂತೆಯಿಂದ ಇರಿ. ಆದರೆ ಬೇರೆ ಕಪಾಟು, ಬೇರೆ ಚೀಲ ಹುಡುಕುವಾಗ ಇನ್ನೂ ಸಿಕ್ಕಿದರೆ ಲೆಕ್ಕ ನೆನಪಿರಲಿ, ನೆಂಟರ ಮನೆಯವನ್ನೂ ತಂದು ಒಟ್ಟು ಮಾಡಬೇಡಿ. ಈ ಏಳನ್ನು ಬದಲಾಯಿಸಿ ಕೊಡುತ್ತೇನೆ ಅಂತ ಯಾರಾದರೂ ಬಂದರೆ ಅದೂ ಮೋಸವೇ, ಬದಲಾಯಿಸುವ ದಾರಿ ಮುಚ್ಚಿ ವರ್ಷಗಳಾದವು. ಚಿತ್ರ ನೋಡಲು ಒಂದೆರಡು ಇಟ್ಟುಕೊಳ್ಳಿ. ದೆಹಲಿಯಲ್ಲಿರುವ ದಂಡಿ ಯಾತ್ರೆಯ ಹನ್ನೊಂದು ಮೂರ್ತಿಗಳ ಶಿಲ್ಪವನ್ನು ನೋಡಿದವರಿಗೆ ಅದರ ಗುರುತು ತಕ್ಷಣ ಸಿಗುತ್ತದೆ.

ಎರಡು ಸಾವಿರದ್ದು ಬೇರೆ ಕಥೆ. ಅದನ್ನು 2023ರ ಮೇ 19ರಂದು ಚಲಾವಣೆಯಿಂದ ಹಿಂದೆ ಪಡೆಯುವುದಾಗಿ ಹೇಳಿದರು, ರದ್ದು ಮಾಡಲಿಲ್ಲ. ಈಗ ಬ್ಯಾಂಕ್ ಶಾಖೆಗಳಲ್ಲಿ ತೆಗೆದುಕೊಳ್ಳುವುದಿಲ್ಲ. ರಿಸರ್ವ್ ಬ್ಯಾಂಕಿನ ವಿತರಣಾ ಕಚೇರಿಗೆ ಕೊಡಬೇಕು, ನಮಗೆ ಅಂದರೆ ಬೆಂಗಳೂರಿಗೆ. ಅಷ್ಟು ದೂರ ಹೋಗಬೇಕೆಂದಿಲ್ಲ, ಅಂಚೆ ಕಚೇರಿಯ ಮೂಲಕ ಕಳಿಸಿದರೆ ನಿಮ್ಮ ಖಾತೆಗೆ ಜಮಾ ಆಗುತ್ತದೆ. ಇಲ್ಲವೇ ಮಗಳಿಗೆ ಅಂತ ಇಟ್ಟುಬಿಡಿ. ಹಿಂಬದಿಯಲ್ಲಿ ಮಂಗಳಯಾನ ಇದೆ, ಅದರಲ್ಲಿ ಚಿಪ್ ಇದೆ ಅನ್ನುವ ಗಾಳಿಸುದ್ದಿಯ ಕಾಲವನ್ನೂ ಅವಳಿಗೆ ಹೇಳಬಹುದು. ಚಿಪ್ ಗಿಪ್ ಏನೂ ಇರಲಿಲ್ಲ.

ಇಪ್ಪತ್ತರ ನೋಟುಗಳು ಈಗಲೂ ನಡೆಯುತ್ತವೆ. ಹರಿದದ್ದು, ಹುಳ ತಿಂದದ್ದು ಇದ್ದರೆ ಬ್ಯಾಂಕಿನಲ್ಲೇ ಬದಲಾಯಿಸಿಕೊಳ್ಳಬಹುದು. ಇಪ್ಪತ್ತರ ತನಕದ ನೋಟಿಗೆ ಅರ್ಧಕ್ಕಿಂತ ಜಾಸ್ತಿ ಭಾಗ ಉಳಿದಿದ್ದರೆ ಪೂರ್ತಿ ಬೆಲೆ ಸಿಗುತ್ತದೆ. ಅಂದ ಹಾಗೆ, ನೋಟುಗಳಲ್ಲಿ ಎಲ್ಲಾದರೂ ನಂಬರಿನ ನಡುವೆ ನಕ್ಷತ್ರದ ಗುರುತು ಕಂಡರೆ ಖೋಟಾ ಅಂತ ಎಸೆಯಬೇಡಿ. ಅಚ್ಚಿನಲ್ಲಿ ಕೆಟ್ಟ ನೋಟಿನ ಬದಲಿಗೆ ಸೇರಿಸಿದ ನೋಟು ಅದು, ಅಸಲಿಯೇ.

ಇಷ್ಟಾದ ಮೇಲೆ ಏನು ಮಾಡಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಮಾರುವುದಾದರೆ ಹೆಸರಿರುವ ಹರಾಜು ಸಂಸ್ಥೆ ಇಲ್ಲವೇ ನಾಣ್ಯ ಪ್ರದರ್ಶನಕ್ಕೆ ಬರುವ ವ್ಯಾಪಾರಿಗಳು, ಇಬ್ಬರು ಮೂವರ ಹತ್ತಿರ ಬೆಲೆ ಕೇಳಿ. ಹರಾಜಿನವರು ಮಾರಾಟವಾದ ಮೇಲೆ ಬಂದ ಹಣದಲ್ಲಿ ಕಮಿಷನ್ ಹಿಡಿದುಕೊಳ್ಳುತ್ತಾರೆ. ಮೊದಲೇ ದುಡ್ಡು ಕೇಳಿದರೆ ಎದ್ದು ಬನ್ನಿ. ಇಡೀ ಕಟ್ಟನ್ನು ಒಟ್ಟಿಗೆ ಕೊಡಿ ಅನ್ನುವವರು ಸಾಮಾನ್ಯವಾಗಿ ಅದರಲ್ಲಿ ಒಂದನ್ನು ಗುರುತಿಸಿರುತ್ತಾರೆ. ನನ್ನನ್ನು ಕೇಳಿದರೆ ಹಡಗಿನ ನೋಟುಗಳನ್ನು ಮಾರಬೇಡಿ ಅನ್ನುತ್ತೇನೆ. ಆದರೆ ಇಟ್ಟುಕೊಳ್ಳುವುದೂ ನಮ್ಮ ಊರಿನಲ್ಲಿ ಸುಲಭದ ಕೆಲಸ ಅಲ್ಲ.

ನೋಟಿನ ಕಾಗದ ಹತ್ತಿಯದ್ದು. ಗಟ್ಟಿ, ಆದರೆ ತೇವ ಹೀರುತ್ತದೆ. ಜೂನಿನಿಂದ ನಾಲ್ಕು ತಿಂಗಳು ಇಲ್ಲಿ ಗೋಡೆಯೇ ಬೆವರುತ್ತದೆ, ಟ್ರಂಕಿನೊಳಗಿನ ನೋಟಿಗೆ ಬೂಷ್ಟು ಹಿಡಿಯದೆ ಇರುತ್ತದಾ? ಕಂದು ಚುಕ್ಕೆ ಕಂಡರೆ ಅದು ಶುರುವಾಗಿದೆ ಅಂತ ಅರ್ಥ. ಬ್ಯಾಂಕಿನ ಕಟ್ಟುಗಳಿಗೆ ಹಿಂದೆ ಸ್ಟೇಪ್ಲರ್ ಪಿನ್ ಹೊಡೆಯುತ್ತಿದ್ದರು, 2001ರಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ನಿಲ್ಲಿಸಲು ಹೇಳಿತು. ನಿಮ್ಮ ಕಟ್ಟಿನಲ್ಲಿ ಪಿನ್ ಉಳಿದಿದ್ದರೆ ಎಳೆಯಬೇಡಿ. ಪಿನ್ನಿನ ಕಾಲುಗಳನ್ನು ಹಿಂದಿನಿಂದ ಉಗುರಿನಲ್ಲಿ ನೇರ ಮಾಡಿ ನಿಧಾನ ತೆಗೆಯಿರಿ, ತುಕ್ಕು ಹಿಡಿದ ಪಿನ್ ಎಳೆದರೆ ಕಾಗದವೇ ಕಿತ್ತು ಬರುತ್ತದೆ. ಜನ ಪ್ರೀತಿಯಿಂದಲೇ ನೋಟು ಹಾಳು ಮಾಡುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ತೊಳೆಯುತ್ತಾರೆ, ಇಸ್ತ್ರಿ ಹಾಕುತ್ತಾರೆ, ಲ್ಯಾಮಿನೇಷನ್ ಮಾಡಿಸುತ್ತಾರೆ. ಇಸ್ತ್ರಿ ಹಾಕಿದ ನೋಟಿನಲ್ಲಿ ಅಚ್ಚಿನ ಉಬ್ಬು ಸತ್ತು ಹೋಗುತ್ತದೆ, ಬೆರಳಿಟ್ಟರೆ ಗೊತ್ತಾಗುತ್ತದೆ. ಲ್ಯಾಮಿನೇಷನ್ ಆದದ್ದನ್ನು ಬಿಡಿಸಲು ಆಗುವುದಿಲ್ಲ. ಅಗ್ಗದ ಪಿವಿಸಿ ಆಲ್ಬಂ ಹಾಳೆಯೂ ಬೇಡ, ಆ ಪ್ಲಾಸ್ಟಿಕ್ ವಾಸನೆ ಬರುತ್ತದಲ್ಲ, ಆ ರಾಸಾಯನಿಕವೇ ನೋಟನ್ನು ಅಂಟಂಟು ಮಾಡುತ್ತದೆ. ಪಾಲಿಯೆಸ್ಟರ್ ಹಾಳೆ ಕೇಳಿ ತನ್ನಿ. ನುಸಿಗುಳಿಗೆ, ಕರ್ಪೂರ ನೋಟಿಗೆ ತಾಗುವ ಹಾಗೆ ಇಡಬೇಡಿ. ಜನವರಿ ಫೆಬ್ರವರಿಯ ಒಣ ದಿನಗಳಲ್ಲಿ, ನೆರಳಿನಲ್ಲಿ ಗಾಳಿಯಾಡಿಸಿ, ಆಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಗಾಳಿಯಾಡದ ಚೀಲಕ್ಕೆ ಹಾಕಿ ಮುಚ್ಚಿದರೆ ತೇವವನ್ನೇ ಒಳಗೆ ಕಟ್ಟಿ ಹಾಕಿದ ಹಾಗೆ.

ಕೊನೆಗೆ ಮಗಳ ಪ್ರಶ್ನೆ, ಎಲ್ಲಕ್ಕಿಂತ ಒಳ್ಳೇ ಪ್ರಶ್ನೆ. ನೋಟಿನ ವಿನ್ಯಾಸವನ್ನು ರಿಸರ್ವ್ ಬ್ಯಾಂಕಿನ ಕೇಂದ್ರೀಯ ಮಂಡಳಿ ಶಿಫಾರಸು ಮಾಡುತ್ತದೆ, ಒಪ್ಪುವುದು ಕೇಂದ್ರ ಸರಕಾರ. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯಲ್ಲೇ ಹೀಗಿದೆ. ಚಲಾವಣೆಯಲ್ಲಿರುವ ಹೊಸ ಸರಣಿಯಲ್ಲಿ ಪ್ರತಿ ನೋಟಿಗೂ ಒಂದೊಂದು ಪಾರಂಪರಿಕ ಜಾಗ: ಕೊನಾರ್ಕ್, ಎಲ್ಲೋರ, ಹಂಪಿ, ಗುಜರಾತಿನ ರಾಣಿ ಕಿ ವಾವ್, ಸಾಂಚಿ, ಕೆಂಪುಕೋಟೆ. ಕರ್ನಾಟಕದ ಪಾಲಿಗೆ 2017ರಲ್ಲಿ ಬಂದ ಐವತ್ತರ ನೋಟು. ಅದರ ಕಲ್ಲಿನ ರಥ ವಿಠ್ಠಲ ದೇವಸ್ಥಾನದ ಅಂಗಳದ್ದು, ರಥ ಅನ್ನುತ್ತೇವೆ, ನಿಜಕ್ಕೂ ಅದು ಗರುಡನ ಗುಡಿ. ಭೂತಗನ್ನಡಿಯಲ್ಲಿ ಅವಳಿಗೆ ಚಕ್ರಗಳನ್ನೂ ಮುಂದಿನ ಆನೆಗಳನ್ನೂ ತೋರಿಸಿ. ಆಮೇಲೆ ಎಡಗಡೆಯ ಭಾಷೆಗಳ ಪಟ್ಟಿ ಓದಿಸಿ. ಹದಿನೈದು ಭಾಷೆ, ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ, ನಾಲ್ಕನೆಯದು ಕನ್ನಡ, ಆರನೆಯದು ಕೊಂಕಣಿ. ಕೊಂಕಣಿ ಅಲ್ಲಿಗೆ ಬಂದದ್ದು 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ ಮೇಲೆ. ತುಳು ಇನ್ನೂ ಆ ಪರಿಚ್ಛೇದದಲ್ಲಿಲ್ಲ. ಸೇರಿದ ಮಾತ್ರಕ್ಕೆ ನೋಟಿನ ಮೇಲೆ ಬಂದೇ ಬರುತ್ತದೆ ಅಂತಲೂ ಇಲ್ಲ, ಸಿಂಧಿ, ಮೈಥಿಲಿ ಪರಿಚ್ಛೇದದಲ್ಲಿದ್ದೂ ನೋಟಿನಲ್ಲಿಲ್ಲ. ತುಳು ಬರಬೇಕು ಅನ್ನುವುದು ನನ್ನ ಆಸೆ, ಮೊದಲು ಆ ಪರಿಚ್ಛೇದದ ಬಾಗಿಲು ತೆರೆಯಬೇಕು.

ಇನ್ನು ನಮ್ಮ ಕಡಲು ಹಣದ ಮೇಲೆ ಬಂದೇ ಇಲ್ಲ ಅಂತ ಅವಳು ತಿಳಿಯುವುದು ಬೇಡ. ನಿಮ್ಮ ಮನೆಯಿಂದ ಬಾರ್ಕೂರು ಎಷ್ಟು ದೂರ ಹೇಳಿ? ಅಲ್ಲಿಂದ ಆಳಿದ ಆಳುಪರು ತಮ್ಮ ಚಿನ್ನದ ನಾಣ್ಯದ ಮೇಲೆ ಒತ್ತಿಸಿದ್ದು ಜೋಡಿ ಮೀನು. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಸಾಹೇಬರ ಹಳೇ ಮನೆಯಲ್ಲಿ ಆ ಬ್ಯಾಂಕಿನವರು ಮಾಡಿದ ನಾಣ್ಯ ಸಂಗ್ರಹಾಲಯ ಇದೆ, ರಜೆಯ ಒಂದು ದಿನ ಕರಕೊಂಡು ಹೋಗಿ. ಹೋಗುವ ಮೊದಲು ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ.

ಹಡಗಿನ ನೋಟುಗಳ ಮುಂಭಾಗದ ಫೋಟೊ ಕಳಿಸಿ, ಸಹಿ ಮತ್ತು ನಂಬರಿನ ಮುಂದಿನ ಅಕ್ಷರ ಸರಿಯಾಗಿ ಕಾಣಲಿ. ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಸಾಕು. ಯಾವ ಗ್ರೂಪಿಗೂ ಹಾಕದೆ ನನಗೆ ಮಾತ್ರ ಕಳಿಸಿ, ರಾಮರಾವ್ ಸಹಿ ಇದೆಯಾ ನೋಡಿ ಹೇಳುತ್ತೇನೆ.